ಇಳಿಯೂದು ನನ್ನ ಕಡೆ

ಕ್ವಾರ್ಟರ್ ಗೇಟಿನ ಸಂದಿಯೊಳಗ, ಪಾವಟಿಗಿ ಬುಡಕ
ನನ್ನ ಮಷೀನು. ಫಾಲ್, ಪಿಕೋ, ಪರಕಾರದ ನಾಡಿ,
ಹರಿದ ಛತ್ರಿಗೂ ಟಾಕಾ ಹಾಕತೇನಿ.
ಛತ್ರಿಯಿಂದನ ಸುರು ಆತು ಇದು.

ಜಾಲ್ ಸಾಹೇಬ್ರದು ಗುಜರಾತಿ ಕಲಸಿದ ಮರಾಠಿ,
ನಂದು ಇಂಡಿ ಕಡೆ ಮಾತು, ನಡುವ ಕೈಸನ್ನೆ.
ಕರೇ ಛತ್ರಿ ಮುಂದ ಚೆಲ್ಲಿ
'ರಿಪೇರಿ ಬ್ಯಾಡ, ಕೊಯ್ದುಬಿಡು' ಅಂದ್ರು.
ಊಟದ ತಾಟಿನಷ್ಟು ಛತ್ರಿ ಬೇಕಂತ,
ಎಂಟು ಮೂಲಿ, ಎಂಟು ದಾರ,
ನಟ್ಟನಡುವ ಎಂಟಾಣೆಯಷ್ಟು ತೂತು.
'ತೂತು ಯಾಕ್ರಿ?'
'ಗಾಳಿಗೆ ಹೊರಗ ದಾರಿ ಇಲ್ಲಂದ್ರ
ಹುಚ್ಚೆದ್ದು ತೂಗಿ ಊರ ಬಿಟ್ಟು ಹೋಗತೈತಿ.'

ಆಮ್ಯಾಲೆ ಡಬ್ಬಿ ತೋರಿಸಿದ್ರು.
ನಲವತ್ತೊಂದು ವರ್ಷ ಬಿಚ್ಚದ ರಾಕೆಟ್ ಡಬ್ಬಿ.
ರಟ್ಟಿನ ನಳಿಗಿ, ಕಟಗಿ ಮೂಗು,
ಹಪ್ಪಳಕ್ಕಿಂತ ಹಗುರ ಬಾಲ್ಸಾ ಹಾಳಿ,
ಹಳದಿಗಟ್ಟಿದ ಅಂಟುಚಿತ್ರ.
ರಬ್ಬರ್ ದಾರ ಮುಟ್ಟಿದ್ರ ಸೇವಿಗಿಯಂಗ ಮುರೀತು.
'ಇಷ್ಟ ದಿನ ಯಾಕ ಕಟ್ಟಲಿಲ್ಲ?'
'ಕಟ್ಟಿದ್ರ ಮುಗದ ಹೋಗತಿತ್ತಲ್ಲ.'

ಮ್ಯಾಲಿನ ಖೋಲಿ ಮುಕ್ತಾ ಘಾರ್ಪುರೆಗೂ ಅದ ಹುಚ್ಚು.
ಆಕಿದು ಹೊಸ ಕಿಟ್ಟು, ರೆಕ್ಕಿ ಲೇಸರಿನಿಂದ ಕೊಯ್ದು ಬಂದಾವ,
ಬೆರಳಿಂದ ಒತ್ತಿದ್ರ ಟಪ್ ಅಂತ ಕೈಗೆ.
ಎರಡು ಸಂಜಿ, ಮುಗೀತು.
ಸಾಹೇಬ್ರಿಗೆ ನಾಲ್ಕು ತಿಂಗಳು,
ತಿಕ್ಕಿ, ಬಳದು, ಒಣಗಿಸಿ, ಮತ್ತ ತಿಕ್ಕಿ.
'ನಾರು ಯಾವ ಕಡೆ ಓಡತೈತಿ ನೋಡಿ ಕೊಯ್ಯಬೇಕು'
ಅಂತ ಆಕಿಗೆ ಪಾಠ ಹೇಳಿದ್ರು.
ನನಗ ನಗು. ಅಡ್ಡ ಕೊಯ್ದ ರವಿಕಿ ಜಗ್ಗತೈತಿ,
ಇದನ್ನ ತಿಳೀಲಿಕ್ಕ ರಾಕೆಟ್ ಬೇಕೇನ್ರಿ?

ದೊಡ್ಡ ರಾಕೆಟ್ಟಿನ ಫೋಟೋ ಗ್ವಾಡಿಗಿ ಹಚ್ಚಿ
ಭೂತಗನ್ನಡಿ ಹಿಡಿದು ಮೊಳಿ ಎಣಿಸಿದ್ರು.
ಸಾಲಿಗೆ ಇಪ್ಪತ್ತಾರು.
ಇದರಾಗೂ ಇಪ್ಪತ್ತಾರು, ಸೂಜಿಮೊನಿಲೆ ಇಟ್ಟ ಅಂಟಿನ ಹನಿ.
ಅಲ್ಲೆ ಕರೇ ಪಟ್ಟಿ, ಇಲ್ಲೂ ಕರೇ ಪಟ್ಟಿ.
'ದೊಡ್ಡದರ ಛತ್ರಿ ಯಾವ ಬಣ್ಣದ್ದು ಹೇಳ್ರಿ,
ಅದನ ಹಾಕೂಣು' ಅಂದೆ.
ಕನ್ನಡಕ ತಗದು ಒರಸಿದ್ರು.
'ಅದಕ್ಕ ಛತ್ರಿ ಇರಲಿಲ್ಲ. ಸಮುದ್ರಕ್ಕ ಬಿತ್ತು.
ಬೀಳಾಕಂತನ ಮಾಡಿದ್ದು.'

ಎಲ್ಲಾ ಅದರಂಗ, ಇದೊಂದು ಸುಳ್ಳು.
ಆ ಸುಳ್ಳು ಹೊಲಿಯೂದು ನಾನು.
ಕರೇ ಅರಿವಿ ಬದಿಗಿಟ್ಟು
ಉಳಿದ ಕಿತ್ತಳಿ ನೈಲಾನ್ ತಗದೆ, ಹುಲ್ಲಿನಾಗ ಬಿದ್ರ ಕಾಣಬೇಕಲ್ಲ.

ಐತವಾರ, ಸಾಸವಡದಾಚೆ ಕೊಯ್ದ ಜೋಳದ ಹೊಲ.
ಕೂಳಿ ಕಾಲಿಗೆ ಚುಚ್ಚತಿತ್ತು.
ಮುಕ್ತಾಂದು ಮೊದಲ, ಕಿಟ್ಟಿನಾಗ ಬಂದ ಪ್ಲಾಸ್ಟಿಕ್ ಛತ್ರಿ,
ತೂತಿಲ್ಲ. ತೇಲತಾ ತೇಲತಾ ಕಬ್ಬಿನ ಮ್ಯಾಲೆ ಹೋತು,
ಆಕಿ ಚಪ್ಪಲಿ ಬಿಟ್ಟು ಬೆನ್ನ ಹತ್ತಿದಳು.

ಆಮ್ಯಾಲೆ ಹಳೇದು. ಪಾಚ್, ಚಾರ್, ತೀನ್,
ಒಗ್ಗರಣಿ ಸಿಡಿದಂಗ ಸಪ್ಪಳ, ಕತ್ತೆತ್ತೂದ್ರಾಗ ಇಲ್ಲ.
ತುತ್ತತುದಿಗೆ ಒಂದಿಷ್ಟು ನಿಂತು ಮೂಗು ಕೆಳಗ ಮಾಡಿತು.
ಛತ್ರಿ ಇಲ್ಲ.
ಪೌಡರ್ ಹಚ್ಚಿ ಮಡಚಿದ್ದೆ. ಟಾಕಾ ಎರಡೆರಡು ಸಲ ಹಾಕಿದ್ದೆ.
ಬಲಗೈ ತಾನ ಗಾಳಿಯೊಳಗ ಮಷೀನಿನ ಗಾಲಿ ತಿರುವತಿತ್ತು.
ಇಲ್ಲ.
ಇಲ್ಲ.
ಪಟ್ಟಂತ ಕಿತ್ತಳಿ.

ಸಾಹೇಬ್ರು ಕಣ್ಣ ಮುಚ್ಚಿ ನಿಂತಿದ್ರು.
'ಹೇಳು' ಅಂದ್ರು.
'ಇಳೀಲಿಕ್ಕತೈತ್ರಿ' ಅಂದೆ. 'ಸಾವಕಾಶ.'

ಒಂದು ರೆಕ್ಕಿ ಮುರಿದಿತ್ತು. ಅದನ್ನ ಕಿಸೆದಾಗ ಹಾಕ್ಕೊಂಡು
ನನಗ ಎಂಬತ್ತು ರೂಪಾಯಿ ಕೊಟ್ರು, ಫಾಲಿನ ರೇಟು.
ಮನ್ಯಾಗ ಇನ್ನ ಒಂಬತ್ತು ಡಬ್ಬಿ ಅದಾವಂತ.
ನಾಲ್ಕು ತಿಂಗಳಿಗೊಂದು ಅಂದ್ರೂ ಮೂರು ವರ್ಷ.
ಅವರಿಗೀಗ ಎಪ್ಪತ್ತಾರು.
ನಾ ಏನೂ ಅನ್ನಲಿಲ್ಲ.
ಸೋಮವಾರ ಅಂಗಡಿ ತಗದಾಕಿನ
ಒಂಬತ್ತಕ್ಕೂ ಅರಿವಿ ಒಮ್ಮೆಲೆ ಕೊಯ್ದು,
ಒಂಬತ್ತು ತೂತೂ ತಗದು ಇಟ್ಟೇನಿ.